ವೇಗ, ಎತ್ತರ ಮತ್ತು ಶಕ್ತಿಯ ಲೆಕ್ಕ

ವಿಮಾನದ ವೇಗ ಮತ್ತು ಎತ್ತರವನ್ನು ಪೈಲಟ್ ಮುಖ್ಯವಾಗಿ ಎರಡು ಸಾಧನಗಳಿಂದ ನಿಭಾಯಿಸುತ್ತಾನೆ. ಒಂದು, ಎಂಜಿನ್ನಿನ ಬಲವನ್ನು ಏರಿಳಿಸುವ ಥ್ರಾಟಲ್. ಇನ್ನೊಂದು, ಬಾಲದ ಎಲಿವೇಟರನ್ನು ಆಡಿಸುವ ಕಂಟ್ರೋಲ್ ಸ್ಟಿಕ್. ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ವಿಮಾನದ ಮೂತಿ ಮೇಲೇಳುತ್ತದೆ, ಮುಂದಕ್ಕೆ ಒತ್ತಿದರೆ ತಗ್ಗುತ್ತದೆ. ಮೂತಿಯ ಈ ಏರಿಳಿತವೇ ಪಿಚ್. ಥ್ರಾಟಲ್ ಇರುವುದು ವೇಗಕ್ಕೆ, ಮೂತಿ ಇರುವುದು ಎತ್ತರಕ್ಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಾರಾಟದಲ್ಲಿ ಕೆಲಸ ಹೀಗೆ ಪಾಲಾಗಿಲ್ಲ.

ಸಮತಟ್ಟಾಗಿ ಹಾರುತ್ತಿರುವ ಸಣ್ಣ ವಿಮಾನದಲ್ಲಿ ಸ್ಟಿಕ್ ಮುಟ್ಟದೆ ಥ್ರಾಟಲ್ ಮಾತ್ರ ಹೆಚ್ಚಿಸಿದರೆ, ರಸ್ತೆಯ ಮೇಲಿನ ಕಾರಿನಂತೆ ಅದರ ವೇಗ ಏರುತ್ತಾ ಹೋಗುವುದಿಲ್ಲ. ವೇಗ ತುಸು ಹೆಚ್ಚಿದೊಡನೆ ರೆಕ್ಕೆಯ ಎತ್ತುವ ಬಲವೂ ಹೆಚ್ಚಿ, ವಿಮಾನ ಮೇಲಕ್ಕೆ ತಿರುಗುತ್ತದೆ. ಏರುವಾಗ ತೂಕದ ಒಂದು ಪಾಲು ಅದನ್ನು ಹಿಂದಕ್ಕೆ ಜಗ್ಗುವುದರಿಂದ ವೇಗ ಮತ್ತೆ ಹೆಚ್ಚುಕಡಿಮೆ ಮೊದಲಿನಷ್ಟೇ ಆಗುತ್ತದೆ. ಹೆಚ್ಚುವರಿ ಬಲ ಎತ್ತರಕ್ಕೆ ಖರ್ಚಾಗುತ್ತದೆ.

ಥ್ರಾಟಲ್ ಮುಟ್ಟದೆ ಮೂತಿ ಎತ್ತಿದರೆ ವಿಮಾನ ಏರುತ್ತದೆ ನಿಜ, ಆದರೆ ವೇಗ ತೆತ್ತು ಏರುತ್ತದೆ. ಗಾಳಿಯ ಎಳೆತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 120 ನಾಟ್‌ನಿಂದ 80 ನಾಟ್‌ಗೆ ಇಳಿಯುವ ವೇಗದಿಂದ ಸಿಗುವುದು ಸುಮಾರು 350 ಅಡಿ ಎತ್ತರ. ಅಷ್ಟಕ್ಕೆ ಆ ಗಳಿಕೆ ಮುಗಿಯಿತು.

ಇದನ್ನು ಶಕ್ತಿಯ ಲೆಕ್ಕದಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ. ವೇಗವೆಂದರೆ ಚಲನ ಶಕ್ತಿ, ಎತ್ತರವೆಂದರೆ ಪ್ರಚ್ಛನ್ನ ಶಕ್ತಿ. ಥ್ರಾಟಲ್ ಒಟ್ಟು ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎಲಿವೇಟರ್ ಆ ಶಕ್ತಿಯನ್ನು ವೇಗಕ್ಕೂ ಎತ್ತರಕ್ಕೂ ಹಂಚುತ್ತದೆ. ಎಂಜಿನ್ ನಿಂತರೆ ಉಳಿಯುವುದು ಹಂಚಿಕೆ ಮಾತ್ರ. ಆಗ, ಉದಾಹರಣೆಗೆ, ಸಣ್ಣ ವಿಮಾನವಾದ ಸೆಸ್ನಾ 172ಎಸ್‌ನ ಪೈಲಟ್ ಮೂತಿ ತಗ್ಗಿಸಿ 68 ನಾಟ್ ವೇಗ ಕಾಯ್ದುಕೊಳ್ಳುತ್ತಾನೆ. ಪೂರ್ಣ ತೂಕದಲ್ಲಿ ಎತ್ತರವನ್ನು ಅತಿ ಹೆಚ್ಚು ದೂರವಾಗಿ ಪರಿವರ್ತಿಸುವ ವೇಗ ಅದು. ಇನ್ನೂ ದೂರ ಹೋಗಲೆಂದು ಮೂತಿ ಎತ್ತಿದರೆ ವಿಮಾನ ಹತ್ತಿರವೇ ನೆಲ ಸೇರುತ್ತದೆ.

ಅಪಾಯವಿರುವುದು ನಿಧಾನ ಹಾರಾಟದಲ್ಲಿ. ವೇಗ ಕಡಿಮೆಯಾದಾಗ ಅಷ್ಟೇ ತೂಕ ಹೊರಲು ರೆಕ್ಕೆ ಗಾಳಿಗೆ ಹೆಚ್ಚು ಓರೆಯಾಗಬೇಕು. ಓರೆ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ. ಹೀಗಾಗಿ ಒಂದು ಮಿತಿಯ ಕೆಳಗೆ, ಇನ್ನೂ ನಿಧಾನವಾಗಿ ಹಾರಲು ಇನ್ನೂ ಹೆಚ್ಚು ಎಂಜಿನ್ ಬಲ ಬೇಕಾಗುತ್ತದೆ. ಅಲ್ಲಿ ಥ್ರಾಟಲ್ ಹೆಚ್ಚಿಸದೆ ಮೂತಿ ಎತ್ತಿದರೆ ವಿಮಾನ ಇನ್ನಷ್ಟು ಕುಸಿಯುತ್ತದೆ. ಓರೆ ಮಿತಿಮೀರಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಇಳಿಯುತ್ತದೆ. ಇದು ಸ್ಟಾಲ್.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಿದ್ದ ಏಷಿಯಾನಾ 214 ವಿಮಾನದಲ್ಲಿ ಕೆಟ್ಟದ್ದು ಈ ಲೆಕ್ಕವೇ. ಥ್ರಾಟಲ್ ಕನಿಷ್ಠ ಸ್ಥಾನದಲ್ಲಿತ್ತು; ವೇಗವನ್ನು ಸ್ವಯಂಚಾಲಿತ ವ್ಯವಸ್ಥೆ ಕಾಯುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು. ಎತ್ತರ ಉಳಿಸಲು ಮೂತಿ ಎತ್ತುತ್ತಾ ಹೋದಂತೆ, 137 ನಾಟ್ ಇರಬೇಕಿದ್ದ ವೇಗ ಸುಮಾರು 103 ನಾಟ್‌ಗೆ ಇಳಿಯಿತು. ಬಲ ಹೆಚ್ಚಿಸುವ ಹೊತ್ತಿಗೆ ತಡವಾಗಿತ್ತು. ಆ ಬೋಯಿಂಗ್ 777ರ ಹಿಂಭಾಗ ರನ್‌ವೇ ಮುಂದಿನ ಕಡಲಗೋಡೆಗೆ ಬಡಿಯಿತು, ಮೂವರು ಸತ್ತರು.

ಯಾವ ಸಾಧನದಿಂದ ಯಾವುದನ್ನು ನಿಯಂತ್ರಿಸಬೇಕು ಎಂಬ ಚರ್ಚೆ ಹಳೆಯದು. ವೇಗವನ್ನು ಹಿಡಿಯುವುದು ಎಲಿವೇಟರೇ ಎಂದು ವೋಲ್ಫ್‌ಗ್ಯಾಂಗ್ ಲಾಂಗೆವೀಶೆ 1944ರ ‘ಸ್ಟಿಕ್ ಆ್ಯಂಡ್ ರಡರ್’ ಪುಸ್ತಕದಲ್ಲಿ ವಾದಿಸಿದ್ದರು. ರೂಢಿಯಲ್ಲಿ ಉತ್ತರ ಹಾರಾಟದ ಹಂತವನ್ನು ಅವಲಂಬಿಸಿದೆ. ಸಣ್ಣ ವಿಮಾನ ಪೂರ್ತಿ ಥ್ರಾಟಲ್‌ನಲ್ಲಿ ಏರುವಾಗ ಮೂತಿಯಿಂದ ವೇಗ ಹಿಡಿಯುತ್ತಾರೆ. ಸಮತಟ್ಟಾದ ಹಾರಾಟದಲ್ಲಿ ಮೂತಿಯಿಂದ ಎತ್ತರ, ಥ್ರಾಟಲ್‌ನಿಂದ ವೇಗ. ಇಳಿಯುವಾಗ ಸಣ್ಣ ವಿಮಾನಗಳಲ್ಲಿ ಮೂತಿಯಿಂದ ವೇಗವನ್ನೂ ಥ್ರಾಟಲ್‌ನಿಂದ ಇಳಿಯುವ ದರವನ್ನೂ ಹಿಡಿಯಲು ಹಲವೆಡೆ ಕಲಿಸುತ್ತಾರೆ. ದೊಡ್ಡ ಜೆಟ್‌ಗಳಲ್ಲಿ ಸಾಮಾನ್ಯವಾಗಿ ಮೂತಿ ಇಳಿಜಾರಿನ ದಾರಿಯನ್ನು ಹಿಡಿದರೆ ಥ್ರಾಟಲ್ ವೇಗವನ್ನು ನೋಡಿಕೊಳ್ಳುತ್ತದೆ. ವಿಧಾನ ಯಾವುದೇ ಇರಲಿ, ಒಂದನ್ನು ಬದಲಿಸಿದಾಗ ಇನ್ನೊಂದನ್ನೂ ಅದಕ್ಕೆ ತಕ್ಕಂತೆ ಸರಿಪಡಿಸಲೇಬೇಕು.