ಗುಡಿಸು ಕಳೆದುಕೊಂಡ ಜಾತ್ರೆ

ಭಾಲ್ಕಿಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಸಂಘಕ್ಕ ವೆಬ್‌ಸೈಟ್ ಮಾಡಸಬೇಕ್ರಿ. ಒಬ್ರು ವರ್ಡ್‌ಪ್ರೆಸ್ ಅಂತಾರ, ಇನ್ನೊಬ್ರು ಜೂಮ್ಲಾ, ಮತ್ತೊಬ್ರು ಡ್ರುಪಾಲ್. ಯಾವ್ದು ಛಲೋ?’

ಮೂರೂ ಸಿಎಂಎಸ್‌ಗಳೇ. ಬರಹ, ಚಿತ್ರಗಳನ್ನು ತಮ್ಮ ಕೋಶದಲ್ಲಿ ಇಟ್ಟುಕೊಂಡು, ಯಾರಾದರೂ ಕೇಳಿದಾಗ ಪುಟ ಜೋಡಿಸಿ ಕೊಡುವ ತಂತ್ರಾಂಶಗಳು, ಮೂರೂ ಉಚಿತ. ಡ್ರುಪಾಲ್ 2001ರದ್ದು, ವರ್ಡ್‌ಪ್ರೆಸ್ 2003ರದ್ದು, ಜೂಮ್ಲಾ 2005ರದ್ದು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ನಡೆಯುವುದು ವರ್ಡ್‌ಪ್ರೆಸ್ ಮೇಲೆ. ಬಹಳ ಜನ ಥೀಮ್‌ನ ಚಂದ ನೋಡಿ ಆರಿಸುತ್ತಾರೆ. ಕನ್ನಡದ ಸಂಘ ಮೊದಲು ನೋಡಬೇಕಾದದ್ದು, ನಮ್ಮ ಅಕ್ಷರಗಳು ಅದರೊಳಗೆ ಏನಾಗುತ್ತವೆ ಎಂಬುದನ್ನು.

ವರ್ಡ್‌ಪ್ರೆಸ್‌ನಲ್ಲಿ ‘ಔರಾದ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತುಗಳ ಪ್ರದರ್ಶನ’ ಎಂದು ತಲೆಬರಹ ಬರೆಯಿರಿ. ತಲೆಬರಹದಿಂದಲೇ ಪುಟದ ವಿಳಾಸ ತಯಾರಾಗುವಂತೆ ಇಟ್ಟಿದ್ದರೆ, ಸಿಗುವ ವಿಳಾಸ ಇದು: ‘ಔರಾದ-ಅಮರೇಶ್ವರ-ಜಾತ್ರೆಯಲ್ಲ’. ಎತ್ತುಗಳೂ ಹೋದವು, ಪ್ರದರ್ಶನವೂ ಹೋಯಿತು. ಕೊನೆಯ ಗುಡಿಸು ಬಿದ್ದು ಜಾತ್ರೆಯೇ ಜಾತ್ರೆಯಲ್ಲ ಎಂದಾಯಿತು!

ಇದು ದೋಷವಲ್ಲ, ಲೆಕ್ಕ. ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗೆ ಮಾತ್ರ ನೇರ ಪ್ರವೇಶ. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಕ್ರಮದಲ್ಲಿ 3 ಬೈಟ್. ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಎರಡು ಅಕ್ಷರ ಅಥವಾ ಅಂಕಿಯಾಗಿ ಬರೆಯುತ್ತಾರೆ. ಹೀಗೆ ಒಂದು ‘ಬ’ ಒಂಬತ್ತು ಜಾಗ ಹಿಡಿಯುತ್ತದೆ. ದೀರ್ಘಕ್ಕೆ ಬೇರೆ ಒಂಬತ್ತು, ಗುಡಿಸಿಗೆ ಒಂಬತ್ತು, ಒತ್ತಕ್ಷರವನ್ನು ಕೂಡಿಸುವ ಕಣ್ಣಿಗೆ ಕಾಣದ ಕೊಂಡಿಗೂ ಒಂಬತ್ತು. ‘ಬೀದರ್’ ಎಂದರೆ 45, ‘ಭಾಲ್ಕಿ’ ಎಂದರೆ 54. ವರ್ಡ್‌ಪ್ರೆಸ್ ಈ ವಿಳಾಸಕ್ಕೆ ಕೊಟ್ಟಿರುವುದು 200 ಜಾಗ ಮಾತ್ರ. ನಮ್ಮ ತಲೆಬರಹದಲ್ಲಿ 22 ಸಂಕೇತಕ್ಕೆ 198, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. ಇಪ್ಪತ್ತಮೂರನೆಯದೇ ಆ ಗುಡಿಸು!

ನಿಜಾಮರ ಕಾಲದಲ್ಲಿ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಶೇಕಡಾ ಚಿಹ್ನೆಗಳ ಆ ಉದ್ದನೆಯ ಸಾಲೂ ಅಂಥ ಫಲಕವೇ, ಒಳಗಿರುವುದು ಅಪ್ಪಟ ಕನ್ನಡ. ವಾಟ್ಸಾಪಿನಲ್ಲಿ ಇಂಥ ಲಿಂಕ್ ಬಂದರೆ ‘ವೈರಸ್ಸದ, ಮುಟ್ಟಬ್ಯಾಡ್ರಿ’ ಎಂದು ಮುಂದಿನವರನ್ನೂ ಹೆದರಿಸುವವರಿದ್ದಾರೆ. ಇದು ಬರಿಯ ಮೂಢನಂಬಿಕೆ. ಲಿಂಕನ್ನು ನಂಬಬೇಕೋ ಬಿಡಬೇಕೋ ಎಂಬುದಕ್ಕೆ ಅದರ ಆರಂಭದಲ್ಲಿರುವ ತಾಣದ ಹೆಸರು ನೋಡಬೇಕೇ ಹೊರತು ಶೇಕಡಾ ಚಿಹ್ನೆಯನ್ನಲ್ಲ. ಈ ಭಯಕ್ಕೆ ಸೋತು, ಕನ್ನಡದ ಬರಹವನ್ನೆಲ್ಲ ಪೋಸ್ಟರಿನಂತೆ ಚಿತ್ರ ಮಾಡಿ ಏರಿಸುವುದು ಇನ್ನೂ ಕೆಟ್ಟದ್ದು. ಚಿತ್ರದೊಳಗಿನ ಅಕ್ಷರ ನಿಮ್ಮ ಸೈಟಿನ ಹುಡುಕುಪೆಟ್ಟಿಗೆಗೆ ಸಿಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಎಟುಕದು. ಹಳೆಯ ನುಡಿ ಫಾಂಟಿನ ಕಡತಗಳನ್ನೂ ಯೂನಿಕೋಡ್‌ಗೆ ಬದಲಿಸಿಯೇ ಹಾಕಿ.

ಪುಟದ ವಿಳಾಸದ ವಿಷಯದಲ್ಲಿ ಉಳಿದವು ಏನು ಮಾಡುತ್ತವೆ? ಡ್ರುಪಾಲ್ ತಾನಾಗಿ ಪುಟಕ್ಕೆ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಜೂಮ್ಲಾದಲ್ಲಿ ಯೂನಿಕೋಡ್ ವಿಳಾಸದ ಆಯ್ಕೆ ಹಾಕದಿದ್ದರೆ ಬರಿಯ ಕನ್ನಡ ತಲೆಬರಹದ ಜಾಗದಲ್ಲಿ ಆ ಹೊತ್ತಿನ ದಿನಾಂಕ, ಗಂಟೆ, ನಿಮಿಷ ಕೂರುತ್ತವೆ. ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಇಲ್ಲಿ ಉದಾರಿ: ಶೀರ್ಷಿಕೆಗೆ 255 ಬೈಟ್, ಅಂದರೆ ಕನ್ನಡದ 85 ಸಂಕೇತ.

ನಿಮ್ಮ ಸಂಘದ ಸುದ್ದಿ ಕನ್ನಡದಲ್ಲಷ್ಟೇ ಬರುವುದಾದರೆ ವರ್ಡ್‌ಪ್ರೆಸ್ಸೇ ಇರಲಿ. ಜಿಲ್ಲಾಡಳಿತದ ತಾಣಕ್ಕೆ ಸರ್ಕಾರಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಬೆಂಬಲ ಇದೆ. ನಿಮ್ಮದಕ್ಕೆ ಊರಿನ ಒಬ್ಬ ಹುಡುಗನೋ ಹುಡುಗಿಯೋ ಆಗಾಗ ಅಪ್‌ಡೇಟ್ ಹಾಕಬೇಕು, ಅದನ್ನು ಬಲ್ಲವರು ಸುಲಭವಾಗಿ ಸಿಗುವುದು ಇದರಲ್ಲೇ. ವಿಳಾಸವನ್ನು ಮಾತ್ರ ಯಂತ್ರಕ್ಕೆ ಬಿಡದೆ ಪ್ರತಿ ಸಲವೂ ನೀವೇ ಚಿಕ್ಕದಾಗಿ ಬರೆಯಿರಿ, ‘ದೇವಣಿ-ಎತ್ತು’ ಎಂದರೆ ಸಾಕು.

ಔರಾದ ಕಡೆಯ ಸದಸ್ಯರಿಗೆ ಮರಾಠಿಯಲ್ಲೂ ಬೀದರ್ ನಗರದವರಿಗೆ ಉರ್ದುವಿನಲ್ಲೂ ಅದೇ ಪುಟ ಬೇಕೆಂದಿದ್ದರೆ ನನ್ನ ಉತ್ತರ ಬೇರೆ. ಬಹುಭಾಷೆಯ ಏರ್ಪಾಡು ಡ್ರುಪಾಲ್, ಜೂಮ್ಲಾಗಳ ಮೂಲದಲ್ಲೇ ಇದೆ. ವರ್ಡ್‌ಪ್ರೆಸ್‌ಗೆ ಪ್ಲಗಿನ್ ಹಚ್ಚಬೇಕು. ಉರ್ದು ಬಂತೆಂದರೆ ಇಡೀ ಪುಟ ಬಲದಿಂದ ಎಡಕ್ಕೆ ತಿರುಗಬೇಕು, ಮೆನು ಸಮೇತ. ಸೈಟ್ ಮಾಡುವವರಿಗೆ ದುಡ್ಡು ಕೊಡುವ ಮೊದಲು ಒಂದು ಪುಟವನ್ನು ಮೂರೂ ಭಾಷೆಯಲ್ಲಿ ಮಾಡಿಸಿ, ಮೊಬೈಲಿನಲ್ಲಿ ತೆರೆದು ನೋಡಿ.