ಕಾಲಿನ ಜೇಡರಬಲೆ ನರಗಳು: ಮಾತ್ರೆಯಿಂದ ಮಾಯವಾಗುತ್ತವೆಯೇ?

ತೊಡೆಯ ಪಕ್ಕದಲ್ಲಿ, ಮೊಣಕಾಲಿನ ಹಿಂದೆ ಅಥವಾ ಪಾದದ ಗಂಟಿನ ಬಳಿ ಕೆಂಪು, ನೀಲಿ, ನೇರಳೆ ಬಣ್ಣದ ಸಣ್ಣ ಗೆರೆಗಳು ಜೇಡರ ಬಲೆಯಂತೆ ಹರಡಿರುವುದನ್ನು ಅನೇಕರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಕಾಣುತ್ತೇವೆ. ವೈದ್ಯರು ಇವನ್ನು 'ಸ್ಪೈಡರ್ ವೇನ್' ಎನ್ನುತ್ತಾರೆ. ಇವನ್ನು ಕಂಡು ವಿನಾ ಕಾರಣ ಹೆದರುವವರಿದ್ದಾರೆ. ಜಾಹೀರಾತು ನಂಬಿ ದುಬಾರಿ ಮಾತ್ರೆಗಳನ್ನು ತರಿಸುವವರೂ ಇದ್ದಾರೆ. ಆದುದರಿಂದ ಈ ಬಗ್ಗೆ ಸರಿಯಾದ ತಿಳುವಳಿಕೆ ಅಗತ್ಯ.

ಇವು 'ನರ'ಗಳಲ್ಲ

ಮಾತಿನಲ್ಲಿ ನಾವು ಇವನ್ನು 'ನರ' ಎಂದೇ ಕರೆಯುತ್ತೇವೆ. ಆದರೆ ಮಿದುಳಿನ ಸಂದೇಶ ಒಯ್ಯುವ ನರಗಳೇ ಬೇರೆ. ಇವು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿಗಳೆಂಬ ರಕ್ತನಾಳಗಳು. ಆದುದರಿಂದ 'ನರದ ಬಲಕ್ಕೆ' ಎಂದು ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದರೆ ಈ ಗೆರೆಗಳಿಗೆ ಪ್ರಯೋಜನವಿಲ್ಲ.

ಕಾಲಿನ ರಕ್ತ ಮೇಲಕ್ಕೆ ಏರಬೇಕಾದರೆ ಮೀನಖಂಡದ ಸ್ನಾಯುಗಳು ಅದನ್ನು ಪಂಪಿನಂತೆ ಒತ್ತಬೇಕು. ರಕ್ತ ಪುನಃ ಕೆಳಗಿಳಿಯದಂತೆ ನಾಳದೊಳಗಿನ ಚಿಕ್ಕ ಕವಾಟಗಳು ತಡೆಯುತ್ತವೆ. ಕವಾಟಗಳು ಸಡಿಲಗೊಂಡರೆ ಒತ್ತಡ ಹೆಚ್ಚಿ ನಾಳಗಳು ಹಿಗ್ಗುತ್ತವೆ. ಚರ್ಮದೊಳಗಿನ 1 ಮಿಲಿಮೀಟರಿಗಿಂತ ಸಣ್ಣ ನಾಳಗಳು ಹಿಗ್ಗಿದರೆ ಅದು ಸ್ಪೈಡರ್ ವೇನ್. 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಾಗಿ ಹಗ್ಗದಂತೆ ಉಬ್ಬಿದರೆ ವೆರಿಕೋಸ್ ವೇನ್.

ಮನೆತನದ ಗುಣ, ವಯಸ್ಸು, ಗರ್ಭಧಾರಣೆ, ಹಾರ್ಮೋನುಗಳ ವ್ಯತ್ಯಾಸ, ಬೊಜ್ಜು ಇದಕ್ಕೆ ಮುಖ್ಯ ಕಾರಣಗಳು. ದಿನವಿಡೀ ನಿಂತು ದುಡಿಯುವ ಶಿಕ್ಷಕಿಯರು, ದಾದಿಯರು, ಅಂಗಡಿ ಕೆಲಸದವರು ಹಾಗೂ ಕುಳಿತಲ್ಲೇ ಬೀಡಿ ಕಟ್ಟುವ ತಾಯಂದಿರು ಕಾಲಿನ ಭಾರ, ಊತದ ಬಗ್ಗೆ ಎಚ್ಚರವಹಿಸಬೇಕು.

ಪೂರಕ ಮಾತ್ರೆಗಳು ಏನು ಮಾಡಬಲ್ಲವು?

ಹಾರ್ಸ್ ಚೆಸ್ಟ್‌ನಟ್: ಇದು ಯುರೋಪಿನ ಒಂದು ಮರದ ಬೀಜದ ಸಾರ. 2012ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇದು ಅಲ್ಪಾವಧಿಯಲ್ಲಿ ಕಾಲುನೋವು, ಊತ, ತುರಿಕೆಯನ್ನು ಕಡಿಮೆ ಮಾಡಬಹುದು. ಸಂಸ್ಕರಿಸದ ಹಸಿ ಬೀಜ ಮಾತ್ರ ವಿಷಕಾರಿ.

ಡಯೋಸ್ಮಿನ್ ಮತ್ತು ಹೆಸ್ಪೆರಿಡಿನ್: ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಅಂಶಗಳು. ನಮ್ಮ ಔಷಧದಂಗಡಿಗಳಲ್ಲಿಯೂ ಸಿಗುತ್ತವೆ. ಈ ಬಗೆಯ ಔಷಧಗಳ ಕುರಿತ 2020ರ ಕಾಕ್ರೇನ್ ವಿಮರ್ಶೆಯಲ್ಲಿ ಊತ ಸ್ವಲ್ಪ ಇಳಿಯುವ ಸಂಭವ ಕಂಡುಬಂದಿದೆ. ಕೆಲವರಿಗೆ ಹೊಟ್ಟೆಯ ತೊಂದರೆ ಉಂಟಾಗುತ್ತದೆ.

ಒಂದೆಲಗ: ತುಳುವಿನಲ್ಲಿ ತಿಮರೆ. ಇದರ ಸಾರವನ್ನೂ ಕಾಲಿನ ಊತಕ್ಕೆ ಪರೀಕ್ಷಿಸಲಾಗಿದೆ. ಆದರೆ ಅಧ್ಯಯನಗಳು ಚಿಕ್ಕವು. ತಿಮರೆ ಚಟ್ನಿ, ತಂಬುಳಿ ಒಳ್ಳೆಯ ಆಹಾರವೇ ಸರಿ, ಆದರೆ ಅದನ್ನೇ ಚಿಕಿತ್ಸೆ ಎಂದು ತಿಳಿಯಬಾರದು.

ವಿಟಮಿನ್ ಸಿ: ರಕ್ತನಾಳದ ಗೋಡೆಗೆ ಬೇಕಾದ ಕೊಲಾಜೆನ್ ತಯಾರಾಗಲು ಇದು ಅವಶ್ಯ. ನೆಲ್ಲಿಕಾಯಿ, ಪೇರಳೆ, ಕಿತ್ತಳೆ ತಿನ್ನುವವರಿಗೆ ಸಾಮಾನ್ಯವಾಗಿ ಬೇರೆ ಮಾತ್ರೆ ಬೇಕಾಗದು.

ಗಮನಿಸಬೇಕಾದ ವಿಷಯ ಇಷ್ಟೇ: ಇವು ಹೆಚ್ಚೆಂದರೆ ನೋವು, ಊತವನ್ನು ಶಮನ ಮಾಡಬಹುದು. ಈಗಾಗಲೇ ಮೂಡಿದ ಗೆರೆಗಳನ್ನು ಅಳಿಸುವ ಮಾತ್ರೆ ಯಾವುದೂ ಇಲ್ಲ. ನಮ್ಮ ದೇಶದ 2006ರ ಆಹಾರ ಸುರಕ್ಷತಾ ಕಾಯ್ದೆಯು ಪೂರಕಗಳನ್ನು ಆಹಾರವೆಂದೇ ಪರಿಗಣಿಸುತ್ತದೆ, ಔಷಧವೆಂದಲ್ಲ. 'ಗಿಡಮೂಲಿಕೆ, ಆದ್ದರಿಂದ ಅಪಾಯವಿಲ್ಲ' ಎಂಬ ಮಾತೂ ಸರಿಯಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವ ಹೃದ್ರೋಗಿಗಳು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಇವನ್ನು ಸೇವಿಸಲೇಬಾರದು.

ಖರ್ಚಿಲ್ಲದ ಉಪಾಯಗಳು

ದಿನಕ್ಕೆ ಅರ್ಧ ಗಂಟೆ ನಡೆಯಿರಿ. ನಿಂತು ಕೆಲಸ ಮಾಡುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಕುಳಿತಿರುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಸಂಜೆ ಮಲಗಿ, ಕಾಲುಗಳನ್ನು ದಿಂಬಿನ ಮೇಲೆ ಹೃದಯಕ್ಕಿಂತ ಎತ್ತರದಲ್ಲಿ 15 ನಿಮಿಷ ಇಟ್ಟುಕೊಳ್ಳಿ. ದೇಹದ ತೂಕ ಹತೋಟಿಯಲ್ಲಿರಲಿ. ವೈದ್ಯರು ಸೂಚಿಸಿದರೆ ಬಿಗಿಯಾದ ಕಂಪ್ರೆಶನ್ ಸ್ಟಾಕಿಂಗ್ಸ್ ಧರಿಸಬಹುದು. ಆದರೆ ಮಧುಮೇಹಿಗಳು ಹಾಗೂ ಕಾಲಿಗೆ ರಕ್ತಸಂಚಾರ ಕಡಿಮೆ ಇರುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಗೆರೆಗಳು ಚಂದಕ್ಕೆ ಅಡ್ಡಿ ಎನಿಸಿದರೆ ನಾಳದೊಳಗೆ ಔಷಧ ಚುಚ್ಚುವ ಸ್ಕ್ಲೆರೋಥೆರಪಿ ಅಥವಾ ಲೇಸರ್ ಚಿಕಿತ್ಸೆ ಇದೆ. ಇದರಿಂದ ಗೆರೆಗಳು ಮಾಸುತ್ತವೆ. ಮುಂದೆ ಹೊಸತು ಮೂಡಲೂಬಹುದು.

ವೈದ್ಯರ ಬಳಿ ಯಾವಾಗ?

ಬರೀ ಗೆರೆಗಳಿದ್ದರೆ ಗಾಬರಿ ಬೇಡ. ಆದರೆ ದಿನವೂ ಸಂಜೆ ಕಾಲು ಊದುವುದು, ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಗುವುದು ಅಥವಾ ಗಟ್ಟಿಯಾಗುವುದು, ತುರಿಕೆ, ವಾಸಿಯಾಗದ ಹುಣ್ಣು – ಇವು ಒಳಗಿನ ಅಭಿಧಮನಿಗಳು ಕೆಟ್ಟಿರುವ ಸೂಚನೆ. ಡಾಪ್ಲರ್ ಸ್ಕ್ಯಾನ್‌ನಿಂದ ಇದನ್ನು ತಿಳಿಯಬಹುದು. ಒಂದೇ ಕಾಲು ಹಠಾತ್ತನೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಜತೆಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ ಒಂದು ಕ್ಷಣವೂ ಕಾಯಬಾರದು.

ಮನೆಯವರ ಊಟ, ಆರೋಗ್ಯ ನೋಡುತ್ತಾ ತಮ್ಮ ಕಾಲುನೋವನ್ನು 'ವಯಸ್ಸಾಯಿತು' ಎಂದು ಮುಚ್ಚಿಡುವ ತಾಯಂದಿರು ನಮ್ಮಲ್ಲಿ ಬಹಳ. ಮನೆಯ ಮಕ್ಕಳು ಈ ವಾರ ಒಮ್ಮೆ ಅಮ್ಮನ ಕಾಲುಗಳನ್ನು ಗಮನಿಸಿ ನೋಡಲಿ. ಮಾತ್ರೆ ತರಿಸುವ ಮೊದಲು ವೈದ್ಯರಿಗೆ ತೋರಿಸಲಿ.