ತಂಪಿನ ಸರಪಳಿ

ರಾತ್ರಿಯ ಊಟವಾದ ಮೇಲೆ ಮನೆಯಲ್ಲಿ ತಾಯಿ ಹಾಲಿಗೆ ಹೆಪ್ಪು ಹಾಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಕಾಯಿಸಿದ ಹಾಲು ಆರುವವರೆಗೆ ಆಕೆ ಕಾಯುತ್ತಾಳೆ. ಬೆರಳ ತುದಿಯನ್ನು ಅದ್ದಿ ನೋಡುತ್ತಾಳೆ. ಉಗುರುಬೆಚ್ಚಗಿದೆಯೆಂದು ತಿಳಿದ ಮೇಲೆಯೇ ಒಂದು ಚಮಚ ಮಜ್ಜಿಗೆಯನ್ನು ಬೆರೆಸುತ್ತಾಳೆ. ಹಾಲು ಸುಡುತ್ತಿರುವಾಗಲೇ ಹೆಪ್ಪು ಹಾಕಿದರೆ ಮರುದಿನ ಮೊಸರು ದೊರೆಯುವುದಿಲ್ಲ. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಜೀವಾಣುಗಳಿವೆ. ಹಾಲನ್ನು ಮೊಸರಾಗಿಸುವವು ಅವೇ. ಅತಿಯಾದ ಬಿಸಿಯಲ್ಲಿ ಅವು ಸತ್ತುಹೋಗುತ್ತವೆ.

ಪಶುವೈದ್ಯರು ಹಳ್ಳಿಗೆ ತರುವ ಲಸಿಕೆಯ ಸೀಸೆಯನ್ನೂ ಒಂದು ಬಗೆಯ ಹೆಪ್ಪು ಎನ್ನಬಹುದು. ಅನೇಕ ಲಸಿಕೆಗಳಲ್ಲಿ ರೋಗವನ್ನುಂಟುಮಾಡುವ ಶಕ್ತಿಯನ್ನು ಕಳೆದುಕೊಂಡ, ಆದರೆ ಇನ್ನೂ ಜೀವಂತವಾಗಿರುವ ರೋಗಾಣುಗಳಿರುತ್ತವೆ. ಅವು ದನದ ದೇಹವನ್ನು ಹೊಕ್ಕು, ಅಲ್ಲಿ ಸ್ವಲ್ಪಕಾಲ ವೃದ್ಧಿಯಾಗಿ, ನಿಜವಾದ ರೋಗವನ್ನು ಎದುರಿಸುವ ಪಾಠವನ್ನು ದೇಹಕ್ಕೆ ಕಲಿಸುತ್ತವೆ. ದಾರಿಯಲ್ಲಿಯೇ ಅವು ಸತ್ತಿದ್ದರೆ ಆ ಪಾಠ ನಡೆಯುವುದಿಲ್ಲ. ಆದರೆ ಹೆಪ್ಪಿಗೂ ಲಸಿಕೆಗೂ ಒಂದು ದೊಡ್ಡ ವ್ಯತ್ಯಾಸವುಂಟು. ಹೆಪ್ಪು ಕೆಟ್ಟ ಸಂಗತಿ ಮರುದಿನ ಬೆಳಗ್ಗೆಯೇ ತಿಳಿಯುತ್ತದೆ. ಲಸಿಕೆ ಕೆಟ್ಟ ಸಂಗತಿ ತಿಳಿಯುವುದು ತಿಂಗಳುಗಳೋ ವರ್ಷಗಳೋ ಕಳೆದು, ಊರಿಗೆ ರೋಗ ಬಂದಾಗ. ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಈ ಮಾತಿನ ಗುರುತ್ವವನ್ನು ಅರಿಯಬೇಕಾದರೆ ರಿಂಡರ್‌ಪೆಸ್ಟ್ ಎಂಬ ರೋಗದ ಕಥೆಯನ್ನು ತಿಳಿಯಬೇಕು. ನಮ್ಮ ಹಿರಿಯರು ಇದನ್ನು ‘ದೊಡ್ಡ ರೋಗ’ ಎಂದು ಕರೆಯುತ್ತಿದ್ದರು. ಇದು ವೈರಸ್ಸಿನಿಂದ ಬರುವ ರೋಗ. ದನಕ್ಕೆ ವಿಪರೀತ ಜ್ವರ, ಬಾಯಿಹುಣ್ಣು, ಭೇದಿಗಳಾಗಿ ಕೆಲವೇ ದಿನಗಳಲ್ಲಿ ಅದು ಸಾಯುತ್ತಿತ್ತು. 1887ರ ಸುಮಾರಿಗೆ ಆಫ್ರಿಕದ ಈಶಾನ್ಯ ಭಾಗವನ್ನು ಹೊಕ್ಕ ಈ ರೋಗ ಹತ್ತು ವರ್ಷಗಳಲ್ಲಿ ಆ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಅದು ಹಾದುಹೋದ ಎಷ್ಟೋ ಕಡೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ದನಗಳು ಸತ್ತವು. ಉಳಲು ಎತ್ತುಗಳಿಲ್ಲದೆ ಇಥಿಯೋಪಿಯದಲ್ಲಿ ಭೀಕರ ಕ್ಷಾಮ ತಲೆದೋರಿತು. ನಮ್ಮ ದೇಶದಲ್ಲಿಯೂ ಈ ರೋಗ ರೈತರ ಕೊಟ್ಟಿಗೆಗಳನ್ನು ಬರಿದುಮಾಡುತ್ತಿತ್ತು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಪಶುರೋಗ ಸಂಶೋಧನಾಲಯವು 1893ರಲ್ಲಿ ಹಿಮಾಲಯದ ಮಡಿಲಿನ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಜನವಸತಿಯಿಂದ ದೂರವಾದ, ಸದಾ ತಂಪಾಗಿರುವ ಸ್ಥಳ ರೋಗಾಣುಗಳ ಅಧ್ಯಯನಕ್ಕೆ ಅನುಕೂಲವಾಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾದುದೂ ಮುಖ್ಯವಾಗಿ ಈ ರೋಗವನ್ನು ಎದುರಿಸುವುದಕ್ಕಾಗಿಯೇ.

ಲಸಿಕೆಯನ್ನು ಕಂಡುಹಿಡಿಯುವುದು ಒಂದು ಸಾಧನೆ. ಅದನ್ನು ಕೆಡದಂತೆ ಒಯ್ಯುವುದು ಇನ್ನೊಂದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಚೀನಾದ ವಿಜ್ಞಾನಿಗಳು ದುರ್ಗಮ ಪ್ರದೇಶಗಳಿಗೆ ಲಸಿಕೆಯನ್ನು ಮುಟ್ಟಿಸಲು ಒಂದು ವಿಚಿತ್ರ ಉಪಾಯವನ್ನು ಹೂಡಿದರು. ದುರ್ಬಲಗೊಳಿಸಿದ ವೈರಸ್ಸನ್ನು ಜೀವಂತ ಪ್ರಾಣಿಗಳಿಗೆ ಚುಚ್ಚಿ, ಆ ಪ್ರಾಣಿಗಳನ್ನೇ ಅಲ್ಲಿಗೆ ಸಾಗಿಸಿ, ಅಲ್ಲಿಯೇ ಲಸಿಕೆಯನ್ನು ಸಿದ್ಧಪಡಿಸಿದರು. ಪ್ರಾಣಿಯ ದೇಹವೇ ವೈರಸ್ಸನ್ನು ಜೋಪಾನವಾಗಿಡುವ ಪೆಟ್ಟಿಗೆಯಾಯಿತು. ಮುಂದೆ, 1960ರ ಸುಮಾರಿಗೆ, ಕೀನ್ಯಾ ದೇಶದ ಮುಗುಗ ಎಂಬಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ಅದರ ಕ್ರೌರ್ಯವನ್ನು ಕಳೆದು, ಉತ್ತಮವಾದ ಲಸಿಕೆಯೊಂದನ್ನು ತಯಾರಿಸಿದರು. ಒಂದೇ ಚುಚ್ಚುಮದ್ದಿನಿಂದ ದನಕ್ಕೆ ದೀರ್ಘಕಾಲದ ರಕ್ಷಣೆ ಸಿಗುತ್ತಿತ್ತು. ಅದಕ್ಕಿದ್ದ ಕುಂದು ಒಂದೇ: ಬಿಸಿಲನ್ನು ಅದು ತಾಳಲಾರದು.

ಬಿಸಿ ಲಸಿಕೆಯನ್ನು ಕೆಡಿಸುವ ಬಗೆ ಹೇಗೆ? ವೈರಸ್ಸಿನ ಹೊದಿಕೆ ಪ್ರೋಟೀನುಗಳಿಂದ ಕೂಡಿದೆ. ಪ್ರೋಟೀನು ತನ್ನ ನಿರ್ದಿಷ್ಟ ಆಕಾರದಲ್ಲಿ ಇರುವವರೆಗೆ ಮಾತ್ರ ತನ್ನ ಕೆಲಸವನ್ನು ಮಾಡಬಲ್ಲದು. ಬಿಸಿ ಆ ಆಕಾರವನ್ನು ಬಿಚ್ಚಿಹಾಕುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಎಷ್ಟು ತಣ್ಣಗೆ ಮಾಡಿದರೂ ಅದು ಮತ್ತೆ ದ್ರವವಾಗುವುದಿಲ್ಲವಷ್ಟೆ? ಹಾಗೆಯೇ ಬಿಸಿಯಿಂದ ಕೆಟ್ಟ ಲಸಿಕೆಯನ್ನು ಮತ್ತೆ ತಂಪಿನಲ್ಲಿ ಇರಿಸಿದರೆ ಅದು ಸರಿಹೋಗುವುದಿಲ್ಲ. ನಷ್ಟವಾದುದು ನಷ್ಟವಾದಂತೆಯೇ ಸರಿ.

ಇಲ್ಲಿ ಉಷ್ಣತೆಯೊಂದಿಗೆ ಕಾಲವೂ ಸೇರಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಲಸಿಕೆಯ ಒಂದು ಪ್ರಮಾಣದಲ್ಲಿ 1000 ವೈರಸ್ ಕಣಗಳಿವೆ ಎಂದೂ, ದನಕ್ಕೆ ರಕ್ಷಣೆ ದೊರೆಯಲು 300 ಕಣಗಳಾದರೂ ಬೇಕೆಂದೂ, ಬಿಸಿಲಿನಲ್ಲಿ ಗಂಟೆಗೆ ಅರ್ಧದಷ್ಟು ಕಣಗಳು ಸಾಯುತ್ತವೆ ಎಂದೂ ಲೆಕ್ಕಕ್ಕಾಗಿ ಊಹಿಸೋಣ. ಒಂದು ಗಂಟೆಯಾದ ಮೇಲೆ 500 ಉಳಿಯುತ್ತವೆ. ಲಸಿಕೆ ಇನ್ನೂ ಕೆಲಸಮಾಡುತ್ತದೆ. ಎರಡನೆಯ ಗಂಟೆಯ ಕೊನೆಗೆ 250 ಉಳಿಯುತ್ತವೆ. ಈಗ ಅದು ನಿಷ್ಪ್ರಯೋಜಕ. ಸೀಸೆಯ ಬಣ್ಣ ಬದಲಾಗಿಲ್ಲ, ವಾಸನೆ ಬಂದಿಲ್ಲ, ಹೊರಗಿನ ಚೀಟಿ ಹಾಗೆಯೇ ಇದೆ. ಬಸ್ಸಿನಲ್ಲಿ ಅರ್ಧ ಗಂಟೆ, ಮರದ ಕೆಳಗೆ ಒಂದು ಗಂಟೆ, ದನಗಳನ್ನು ಕಟ್ಟುವಷ್ಟರಲ್ಲಿ ಇನ್ನರ್ಧ ಗಂಟೆ, ಹೀಗೆ ಬಿಡಿಬಿಡಿಯಾಗಿ ಕಳೆದ ಕಾಲವೆಲ್ಲ ಒಂದೇ ಲೆಕ್ಕಕ್ಕೆ ಸೇರುತ್ತದೆ. ನಡುವೆ ಮಂಜುಗಡ್ಡೆಯಲ್ಲಿ ಇರಿಸಿದುದರಿಂದ ಮುಂದಿನ ನಷ್ಟ ನಿಧಾನವಾಗುತ್ತದೆಯೇ ಹೊರತು ಹಿಂದಿನ ನಷ್ಟ ತುಂಬಿಬರುವುದಿಲ್ಲ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಪರಿಹಾರ ಲಸಿಕೆಯನ್ನು ಒಣಗಿಸುವುದು. ಮೊದಲು ಅದನ್ನು ಹೆಪ್ಪುಗಟ್ಟಿಸಿ, ಅನಂತರ ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ಅದರ ನೀರು ಮಂಜಿನ ರೂಪದಿಂದ ನೇರವಾಗಿ ಆವಿಯಾಗುವಂತೆ ಮಾಡುತ್ತಾರೆ. ನೀರಿಲ್ಲದ ಕಡೆ ಕೆಡುವ ಕ್ರಿಯೆಗಳು ಬಹಳ ನಿಧಾನವಾಗುತ್ತವೆ. ಹಪ್ಪಳ ಸಂಡಿಗೆಗಳನ್ನು ಒಣಗಿಸಿ ವರ್ಷಪೂರ್ತಿ ಇಡುವಂತೆಯೇ ಇದು. ಆದರೆ ಉಪಯೋಗಿಸುವಾಗ ಆ ಪುಡಿಯನ್ನು ದ್ರವದಲ್ಲಿ ಕಲಸಲೇಬೇಕು. ಕಲಸಿದ ಕ್ಷಣದಿಂದ ಅದರ ಆಯುಷ್ಯ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಆದ್ದರಿಂದಲೇ ಕಲಸುವ ದ್ರವವೂ ತಂಪಾಗಿರಬೇಕು. ಉಳಿದ ಲಸಿಕೆಯನ್ನು ನಾಳೆಗೆಂದು ಇಟ್ಟುಕೊಳ್ಳದೆ ಚೆಲ್ಲಬೇಕು.

ಹಾಗಾದರೆ ಎಲ್ಲ ಲಸಿಕೆಗಳನ್ನೂ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಇಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಅದೂ ತಪ್ಪು. ಕಾಲುಬಾಯಿ ರೋಗದ ಲಸಿಕೆಯಲ್ಲಿ ವೈರಸ್ಸನ್ನು ಮೊದಲೇ ನಿಷ್ಕ್ರಿಯಗೊಳಿಸಿ, ಎಣ್ಣೆಯಲ್ಲಿಯೋ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆಯಲ್ಲಿಯೋ ಬೆರೆಸಿರುತ್ತಾರೆ. ಅದು ಹೆಪ್ಪುಗಟ್ಟಿದರೆ ಎಣ್ಣೆ ಮತ್ತು ನೀರು ಬೇರ್ಪಡುತ್ತವೆ, ಲೋಳೆ ಗಂಟುಗಂಟಾಗುತ್ತದೆ. ಕರಗಿದ ಮೇಲೆ ಎಷ್ಟು ಕುಲುಕಿದರೂ ಮೊದಲಿನ ಗುಣ ಬಾರದು. ಆದುದರಿಂದ ಇಂಥ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅದಕ್ಕಿಂತ ಬಿಸಿಯೂ ಸಲ್ಲದು, ಅದಕ್ಕಿಂತ ತಂಪೂ ಸಲ್ಲದು. ಸೀಸೆಗಳನ್ನು ರೆಫ್ರಿಜಿರೇಟರಿನ ಮಂಜುಗಟ್ಟುವ ಅಂಕಣದಲ್ಲಿ ಇಡಬಾರದು. ಪದೇಪದೇ ತೆರೆಯುವ ಬಾಗಿಲಿನ ಅರೆಗಳಲ್ಲಿಯೂ ಇಡಬಾರದು. ಐಸ್ ಪೆಟ್ಟಿಗೆಯಲ್ಲಿ ಒಯ್ಯುವಾಗ ಮಂಜುಗಡ್ಡೆ ಸೀಸೆಗೆ ನೇರವಾಗಿ ತಾಗದಂತೆ ಎಚ್ಚರ ವಹಿಸಬೇಕು.

ಕಾರ್ಖಾನೆಯಿಂದ ಜಿಲ್ಲೆಯ ಶೀತಲ ಕೊಠಡಿಗೆ, ಅಲ್ಲಿಂದ ತಾಲ್ಲೂಕಿನ ಪಶುಆಸ್ಪತ್ರೆಗೆ, ಅಲ್ಲಿಂದ ಐಸ್ ಪೆಟ್ಟಿಗೆಯಲ್ಲಿ ಹಳ್ಳಿಯ ಕೊಟ್ಟಿಗೆಗೆ ಲಸಿಕೆ ತಂಪಾಗಿಯೇ ಸಾಗಬೇಕು. ಈ ವ್ಯವಸ್ಥೆಗೆ ‘ಶೀತಲ ಸರಪಳಿ’ ಎಂದು ಹೆಸರು. ಸರಪಳಿಯ ಬಲ ಅದರ ಅತ್ಯಂತ ದುರ್ಬಲವಾದ ಕೊಂಡಿಯ ಬಲದಷ್ಟೇ. ಮೊದಲ ನಾಲ್ಕು ಕೊಂಡಿಗಳು ಭದ್ರವಾಗಿದ್ದು ಐದನೆಯದು ಕಳಚಿದರೆ ಇಡೀ ಶ್ರಮ ವ್ಯರ್ಥ. ಈ ಕೊನೆಯ ಕೊಂಡಿ ಇರುವುದು ವಿದ್ಯುತ್ತಿಲ್ಲದ, ರಸ್ತೆಯಿಲ್ಲದ ಊರುಗಳಲ್ಲಿ. ಅಂದರೆ ಒಂದು ಹಸು ಸತ್ತರೂ ಸಂಸಾರವೇ ಕುಸಿಯುವ ಬಡವರ ಬಳಿಯಲ್ಲಿ.

ಈ ಸರಪಳಿಯಲ್ಲಿ ವಿರುದ್ಧ ದಿಕ್ಕಿನ ಪ್ರಯಾಣವೂ ಒಂದಿದೆ. ಲಸಿಕೆ ಪ್ರಯೋಗಾಲಯದಿಂದ ಕೊಟ್ಟಿಗೆಗೆ ಬಂದರೆ, ರೋಗಪರೀಕ್ಷೆಯ ಮಾದರಿಗಳು ಕೊಟ್ಟಿಗೆಯಿಂದ ಪ್ರಯೋಗಾಲಯಕ್ಕೆ ಹೋಗುತ್ತವೆ. ದನದ ರಕ್ತ, ಗಾಯದ ಚರ್ಮ, ಸತ್ತ ಪ್ರಾಣಿಯ ಅಂಗದ ತುಣುಕು ಇವೇ ಆ ಮಾದರಿಗಳು. ಪ್ರಾಣಿಯ ದೇಹದಲ್ಲಿದ್ದ ಸ್ಥಿತಿಯನ್ನು ಅವು ಬದಲಾಗದೆ ತಿಳಿಸಬೇಕು. ಬೇಸಗೆಯ ಬಿಸಿಯಲ್ಲಿ ಇದು ಸುಲಭವಲ್ಲ. ಹಾಲು ಬೇಗ ಹುಳಿಯುವಂತೆ ಮಾದರಿಯಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಗಳು ಬೆಳೆದು, ನಾವು ಹುಡುಕುವ ರೋಗಾಣುವನ್ನು ಮುಚ್ಚಿಹಾಕುತ್ತವೆ, ವೈರಸ್ಸುಗಳಾದರೋ ಸಾಯುತ್ತವೆ.

ಪ್ರತಿಯೊಂದು ಮಾದರಿಗೂ ತನ್ನದೇ ಆದ ಕ್ರಮವುಂಟು. ರಕ್ತದ್ರವವನ್ನು ಪರೀಕ್ಷಿಸಬೇಕಾದರೆ ರಕ್ತವನ್ನು ಮೊದಲು ಹಾಗೆಯೇ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ದ್ರವವನ್ನು ಬೇರ್ಪಡಿಸಿ, ಆಮೇಲೆ ತಂಪಿನಲ್ಲಿ ಇಡಬೇಕು. ಅವಸರಪಟ್ಟು ಇಡೀ ರಕ್ತವನ್ನೇ ಮಂಜಾಗಿಸಿದರೆ ಕೆಂಪು ಕಣಗಳು ಒಡೆದು ಮಾದರಿ ಕೆಡುತ್ತದೆ. ಕಾಲುಬಾಯಿ ರೋಗದ ಬೊಕ್ಕೆಯ ಚರ್ಮವನ್ನು ಆಮ್ಲವಾಗದಂತೆ ಹದಗೊಳಿಸಿದ ಗ್ಲಿಸರಿನ್ ದ್ರಾವಣದಲ್ಲಿ ಇಟ್ಟು ತಂಪಾಗಿ ಕಳುಹಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಅಂಗದ ತುಣುಕನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ, ಅದನ್ನು ಮಂಜಾಗಿಸಲೇಬಾರದು. ನೆರಡಿ ರೋಗದಿಂದ ಸತ್ತಿರಬಹುದೆಂಬ ದನವನ್ನು ಕೊಯ್ಯಬಾರದು. ಕಿವಿಯ ರಕ್ತನಾಳದಿಂದ ಒಂದು ತೊಟ್ಟು ರಕ್ತವನ್ನು ತೆಗೆದು ಗಾಜಿನ ಮೇಲೆ ಲೇಪಿಸಿದರೆ ಸಾಕು. ಅದೂ ಬೇಗನೆ ಆಗಬೇಕು. ಬಿಸಿಲಿನಲ್ಲಿ ದೇಹ ಕೊಳೆಯತೊಡಗಿದರೆ ಒಂದೆರಡು ದಿನಗಳಲ್ಲಿಯೇ ಆ ರೋಗಾಣುಗಳ ಗುರುತು ಅಳಿಸಿಹೋಗಬಹುದು. ಆಗ ಪ್ರಯೋಗಾಲಯದಿಂದ ಬರುವ ಉತ್ತರ ‘ರೋಗಾಣು ಕಂಡುಬರಲಿಲ್ಲ’ ಎಂದು. ಅದನ್ನು ‘ರೋಗವಿರಲಿಲ್ಲ’ ಎಂದು ತಪ್ಪಾಗಿ ಓದಿಕೊಂಡರೆ, ಆ ತಪ್ಪಿಗೆ ಊರಿನ ಉಳಿದ ದನಗಳೂ, ಕೆಲವೊಮ್ಮೆ ಮನುಷ್ಯರೂ ಬಲಿಯಾಗಬೇಕಾಗುತ್ತದೆ. ಮಾದರಿಯ ಚೀಟಿಯ ಮೇಲೆ ದಿನ ಮತ್ತು ವೇಳೆಯನ್ನು ಬರೆಯಬೇಕೆಂಬ ನಿಯಮದ ಹಿಂದಿರುವ ಅರ್ಥ ಇದೇ.

ಮತ್ತೆ ದೊಡ್ಡ ರೋಗದ ಕಥೆಗೆ ಬರೋಣ. ಆಫ್ರಿಕದ ಅನೇಕ ರಾಷ್ಟ್ರಗಳು 1962ರಿಂದ 1976ರವರೆಗೆ ಒಟ್ಟಾಗಿ ಲಸಿಕೆಯ ಕಾರ್ಯವನ್ನು ನಡೆಸಿದವು. ರೋಗ ಬಹುಮಟ್ಟಿಗೆ ಅಡಗಿತು. ಆದರೆ ಬೇರು ಸಾಯಲಿಲ್ಲ. 1980ರ ದಶಕದ ಆರಂಭದಲ್ಲಿ ಅದು ಮತ್ತೆ ಹರಡಿತು. ಲಸಿಕೆ ತಲುಪದ ಮರುಭೂಮಿಯ ಅಂಚುಗಳಲ್ಲಿ, ಯುದ್ಧಪೀಡಿತ ಪ್ರದೇಶಗಳಲ್ಲಿ, ಅಲೆಮಾರಿ ದನಗಾಹಿಗಳ ಮಂದೆಗಳಲ್ಲಿ ವೈರಸ್ಸು ಅಡಗಿಕೊಂಡಿತ್ತು. ಐಸ್ ಪೆಟ್ಟಿಗೆಯ ತಂಪು ಮುಗಿಯುವಷ್ಟರೊಳಗೆ ಅಲ್ಲಿಗೆ ಹೋಗಿಬರುವುದು ಸಾಧ್ಯವಿರಲಿಲ್ಲ.

ಆಗ ಜೆಫ್ರಿ ಮ್ಯಾರಿನರ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಪ್ಲೌರೈಟರ ಲಸಿಕೆಯನ್ನೇ ತೆಗೆದುಕೊಂಡು, ಅದನ್ನು ಬೆಳೆಸುವ ಮತ್ತು ಒಣಗಿಸುವ ವಿಧಾನವನ್ನು ಸುಧಾರಿಸಿದರು. 1990ರ ಸುಮಾರಿಗೆ ಸಿದ್ಧವಾದ ಈ ಲಸಿಕೆಯನ್ನು ಒಣಗಿದ ರೂಪದಲ್ಲಿ ಒಂದು ತಿಂಗಳ ಕಾಲ ಶೀತಲ ಸರಪಳಿಯ ಹೊರಗೆ ಇಟ್ಟಿದ್ದರೂ ಉಪಯೋಗಿಸಬಹುದಾಗಿತ್ತು. ಇದರ ಫಲ ಅದ್ಭುತವಾಯಿತು. ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿ, ದಕ್ಷಿಣ ಸುಡಾನಿನಲ್ಲಿ ದನಗಾಹಿಗಳ ನಡುವಿನಿಂದಲೇ ಆಯ್ದ ಜನರಿಗೆ ತರಬೇತಿ ನೀಡಲಾಯಿತು. ಅವರು ಲಸಿಕೆಯನ್ನು ಹೊತ್ತು, ಮಂದೆಗಳ ಹಿಂದೆ ನಡೆದು, ಬೇರೆ ಯಾರೂ ಹೋಗಲಾರದ ಕಡೆಗಳಿಗೆ ಹೋದರು. ಲಸಿಕೆ ಹಾಕಿದ ದನಗಳ ರಕ್ತದ್ರವವನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ, ರಕ್ಷಣೆ ನಿಜವಾಗಿಯೂ ದೊರೆತಿದೆಯೇ ಎಂದು ನೋಡಲಾಯಿತು. ಹೋಗುವ ಲಸಿಕೆಯೂ ಬರುವ ಮಾದರಿಯೂ ಒಂದಕ್ಕೊಂದು ಸಾಕ್ಷಿಯಾದವು.

ಭಾರತದಲ್ಲಿ ಈ ರೋಗ ಕೊನೆಯ ಬಾರಿಗೆ ಕಾಣಿಸಿಕೊಂಡದ್ದು 1995ರಲ್ಲಿ. ಜಗತ್ತಿನಲ್ಲಿ ಕೊನೆಯ ಬಾರಿಗೆ ಅದು ಪತ್ತೆಯಾದುದು 2001ರಲ್ಲಿ, ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ. 2011ರಲ್ಲಿ ಈ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯನ ಪ್ರಯತ್ನದಿಂದ ಪೂರ್ಣವಾಗಿ ಅಳಿದ ರೋಗಗಳು ಎರಡೇ: ಒಂದು ಸಿಡುಬು, ಇನ್ನೊಂದು ಇದು.

ಇದೇ ವೈರಸ್ಸಿನ ಸೋದರಸಂಬಂಧಿಯಾದ ಪಿ.ಪಿ.ಆರ್. ಎಂಬ ರೋಗ ಇಂದಿಗೂ ಕುರಿ ಮೇಕೆಗಳನ್ನು ಕೊಲ್ಲುತ್ತಿದೆ. 2030ರೊಳಗೆ ಅದನ್ನೂ ನಿರ್ಮೂಲಮಾಡಬೇಕೆಂಬ ಗುರಿಯನ್ನು ಜಗತ್ತು ಇಟ್ಟುಕೊಂಡಿದೆ. ಒಳ್ಳೆಯ ಲಸಿಕೆ ನಮ್ಮ ಕೈಯಲ್ಲಿದೆ. ಅದು ಕುರಿಯ ಮೈಯನ್ನು ಮುಟ್ಟುವವರೆಗೂ ಜೀವಂತವಾಗಿರಬೇಕು, ಅಷ್ಟೇ ಬೇಕಾದುದು. ಮುಂದೆ ನಿಮ್ಮ ಊರಿಗೆ ಪಶುವೈದ್ಯರು ಲಸಿಕೆಯ ಪೆಟ್ಟಿಗೆಯೊಂದಿಗೆ ಬಂದಾಗ, ಅವರು ಬರುವ ಮೊದಲೇ ದನಕುರಿಗಳನ್ನು ನೆರಳಿನಲ್ಲಿ ಕಟ್ಟಿ ಸಿದ್ಧವಾಗಿಡಿ. ಪೆಟ್ಟಿಗೆಯ ಮುಚ್ಚಳವನ್ನು ಸುಮ್ಮನೆ ತೆರೆದು ನೋಡಬೇಡಿ. ನೀವು ಉಳಿಸಿದ ಆ ಅರ್ಧ ಗಂಟೆಯಿಂದ ಒಂದು ಮಂದೆಯೇ ಉಳಿಯಬಹುದು. ಹೆಪ್ಪು ಹಾಕುವ ಮುನ್ನ ಹಾಲಿನಲ್ಲಿ ಬೆರಳಿಟ್ಟು ನೋಡುವ ತಾಯಿಯ ಎಚ್ಚರ ಇಂಥ ಕೆಲಸದಲ್ಲಿ ತೊಡಗುವ ಪ್ರತಿಯೊಬ್ಬರಲ್ಲಿಯೂ ಇರಬೇಕು.